ಬಿಸಿಲು ನೋಡಲು ಬೆಂಗಳೂರಿಗೆ

"ಮಾವ, ನಮ್ಮ ಸೋಲಾರ್ ಪ್ಯಾನೆಲ್ ಯಾಕೋ ಸರಿಯಾಗಿ ದುಡೀತಾ ಇಲ್ಲ. ಒಂದ್ಸಲ ಬಂದು ನೋಡಿ ಹೋಗ್ತೀರಾ?"

ಅಕ್ಕನ ಮಗಳು ಫೋನ್ ಮಾಡಿದ್ದು ಸಂಕ್ರಾಂತಿ ಕಳೆದ ಮೇಲೆ. ಸಾಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮೋಟಾರ್ ವೈಂಡಿಂಗ್, ಮನೆ ವೈರಿಂಗ್, ಯುಪಿಎಸ್ ರಿಪೇರಿ. ಜನವರಿ ಅಂದರೆ ಅಡಿಕೆ ಸುಲಿಯುವ ಮಷಿನ್ನುಗಳ ಮೋಟಾರು ಸುಟ್ಟುಕೊಂಡು ಬಂದು ಸಾಲಾಗಿ ಕೂರುವ ಕಾಲ. ಅಂಗಡಿ ಬಿಡುವ ಹಾಗೇ ಇಲ್ಲ. ಆದರೂ ಹುಡುಗನ ಕೈಗೆ ಬೀಗದ ಕೈ ಕೊಟ್ಟು ಹೊರಟೆ. ಬೇರೆಯವರ ಮನೆಯ ಫ್ಯೂಸು ನೋಡುವುದರಲ್ಲೇ ಮೂವತ್ತು ವರ್ಷ ಕಳೆದಿದೆ. ನಮ್ಮ ಹುಡುಗಿಯ ಮನೆಯದು ನೋಡದಿದ್ದರೆ ಹೇಗೆ?

ಗುರುವಾರ

ತಾಳಗುಪ್ಪ ರೈಲು ಬೆಂಗಳೂರು ಸೇರಿದಾಗ ಇನ್ನೂ ಕತ್ತಲು. ಮೊದಲೆಲ್ಲ ಸ್ಟೇಷನ್ನಿನಿಂದ ಹೊರಗೆ ಬಂದ ಕೂಡಲೇ ಆಟೋದವರ ಜೊತೆ ಜಗಳ ಶುರುವಾಗುತ್ತಿತ್ತು. ಈಗ ಪಕ್ಕದಲ್ಲೇ ಮೆಟ್ರೋ. ಮೊದಲ ಗಾಡಿಗೇ ಕಾದು ಹತ್ತಿದೆ.

ಮೆಟ್ರೋ ಹಳಿಯ ಮೇಲೆ ತಂತಿ ಇಲ್ಲ, ಗಮನಿಸಿದ್ದೀರಾ? ಕರೆಂಟು ಬರುವುದು ಹಳಿಯ ಪಕ್ಕ ಓಡುವ ಮೂರನೆಯ ಹಳಿಯಿಂದ. 750 ವೋಲ್ಟ್ ಡಿಸಿ. ನಮ್ಮಂಥವರಿಗೆ ಅದಕ್ಕಿಂತ ಖುಷಿ ಕೊಡುವ ವಿಷಯ ಇನ್ನೊಂದಿದೆ. ಗಾಡಿ ಬ್ರೇಕ್ ಹಾಕಿದಾಗ ಓಡಿಸುತ್ತಿದ್ದ ಮೋಟಾರೇ ಜನರೇಟರ್ ಆಗಿಬಿಡುತ್ತದೆ. ಅಲ್ಲಿ ಹುಟ್ಟಿದ ಕರೆಂಟು ವಾಪಸ್ ಹಳಿಗೆ ಹೋಗುತ್ತದೆ. ಆಚೆ ಕಡೆ ಆಗಷ್ಟೇ ಹೊರಟ ಇನ್ನೊಂದು ಗಾಡಿ ಅದನ್ನು ಎಳೆದುಕೊಳ್ಳುತ್ತದೆ. ಪ್ರತಿ ಸ್ಟೇಷನ್ನಿಗೆ ನಿಲ್ಲುವಾಗ ಆ ಸಣ್ಣ "ಊಂ" ಸದ್ದು ಇಳಿಯುತ್ತದಲ್ಲ, ಅದನ್ನು ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದೆ. ಎದುರಿಗಿದ್ದ ಹುಡುಗ ನನಗೆ ನಿದ್ದೆ ಅಂದುಕೊಂಡಿರಬೇಕು. ಮಾಗಡಿ ರೋಡ್ ಬರುವಷ್ಟರಲ್ಲಿ ಗಾಡಿ ನೆಲದಡಿಯಿಂದ ಮೇಲೆ ಬಂತು. ಎಬ್ಬಿಸಬೇಕೋ ಬೇಡವೋ ಅಂತ ಅವನು ನನ್ನನ್ನೇ ನೋಡುತ್ತಿದ್ದ.

ಮನೆ ವಿಜಯನಗರದಲ್ಲಿ. ಕಾಫಿ ಕುಡಿದು ನೇರ ತಾರಸಿಗೆ ಹೋದೆ. "ಮೊದಲು ಸ್ನಾನ ಮಾಡಿ, ಸೋಲಾರ್‌ದು ಬಿಸಿನೀರು ಇದೆ" ಅಂತ ಅಜ್ಜಿ ಕೂಗುತ್ತಿದ್ದರು. ಅಜ್ಜಿ ಅಂದರೆ ನಮ್ಮ ಹುಡುಗಿಯ ಅತ್ತೆ. ಮೊಮ್ಮಗ ಕರೆಯುವ ಹೆಸರೇ ಈಗ ಇಡೀ ಮನೆಗೆ ರೂಢಿಯಾಗಿದೆ.

ವಿಜಯನಗರದ ತಾರಸಿಯಿಂದ ಸುತ್ತ ನೋಡಿದರೆ ಕಾಣುವುದು ಎರಡೇ. ಕಪ್ಪು ಸಿಂಟೆಕ್ಸ್ ಟ್ಯಾಂಕು, ಅದರ ಪಕ್ಕ ಗಾಜಿನ ಕೊಳವೆಯ ವಾಟರ್ ಹೀಟರು. ದೊಡ್ಡ ಸೈಟಿನ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿ ಎಷ್ಟೋ ವರ್ಷ ಆಯ್ತು. ಯಾರೂ ಅದನ್ನು ಹಸಿರು ತಂತ್ರಜ್ಞಾನ ಅಂತ ಕರೆಯುವುದಿಲ್ಲ, ಅದರ ಮುಂದೆ ನಿಂತು ಸೆಲ್ಫಿ ತೆಗೆಯುವುದಿಲ್ಲ. ಆದರೆ ಬೆಳಗ್ಗೆ ಆರರಿಂದ ಎಂಟರವರೆಗೆ ಇಷ್ಟೂ ಮನೆಗಳಲ್ಲಿ ಎರಡೆರಡು ಕಿಲೋವ್ಯಾಟ್ ಗೀಸರ್ ಒಟ್ಟಿಗೆ ಹೊತ್ತಿಕೊಂಡಿದ್ದರೆ ಏನಾಗುತ್ತಿತ್ತು? ಏರಿಯಾದ ಟಿಸಿಗಳು, ಅಂದರೆ ಟ್ರಾನ್ಸ್‌ಫಾರ್ಮರುಗಳು, ಒಂದೊಂದಾಗಿ ಹೊಗೆ ಹಾಕುತ್ತಿದ್ದವು. ಬಿಸಿಲಿನ ಬಗ್ಗೆ ಬೆಂಗಳೂರು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಇದೇ ಅಂತ ನನ್ನ ಲೆಕ್ಕ.

ಸರಿ, ಪ್ಯಾನೆಲ್ಲಿಗೆ ಬರೋಣ. ಹಾಕಿಸಿದ್ದು ಹೋದ ಏಪ್ರಿಲ್‌ನಲ್ಲಿ. 540 ವ್ಯಾಟಿನ ಆರು ಹಲಗೆ, ಒಟ್ಟು ಮೂರು ಕಿಲೋವ್ಯಾಟಿಗೆ ಸ್ವಲ್ಪ ಮೇಲೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಬಂದಿದೆ. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡಬೇಕು. ಅಂದರೆ ಈ ಮನೆಗೆ ಹನ್ನೆರಡು ಹದಿಮೂರು. ಬರುತ್ತಿರುವುದು ಎಂಟು.

ಹಲಗೆಯ ಮೇಲೆ ಬೆರಳಾಡಿಸಿದೆ. ಮರಳು ಕಾಗದದ ಹಾಗೆ ತರಿತರಿ. ಪಕ್ಕದ ಸೈಟಿನಲ್ಲಿ ಮೂರನೇ ಮಹಡಿ ಏಳುತ್ತಿದೆ, ಅದರ ಸಿಮೆಂಟು ಧೂಳೆಲ್ಲ ಇಲ್ಲಿಗೇ. ಯಾರೋ ಬೋರ್‌ವೆಲ್ ನೀರು ಹೊಯ್ದು ಹಾಗೇ ಒಣಗಲು ಬಿಟ್ಟಿದ್ದರಿಂದ ಬಿಳಿ ಬಿಳಿ ಕಲೆ ಬೇರೆ. "ಕೆಲಸದವಳಿಗೆ ಹೇಳಿದ್ದೆ ಮಾವ" ಅಂದಳು. ಆ ಬೋರ್‌ವೆಲ್ ನೀರು ಹಾಕಿದ್ದೇ ತಪ್ಪಾಗಿತ್ತು ಅಂತ ಹೇಳಲು ಬಾಯಿ ಬರಲಿಲ್ಲ.

ಧೂಳು ಅರ್ಧ ಕಾರಣ ಅಷ್ಟೇ. ಹನ್ನೊಂದು ಗಂಟೆಗೆ ಇನ್ನೊಂದು ಸಲ ಹತ್ತಿದಾಗ ಕಳ್ಳ ಸಿಕ್ಕಿಬಿದ್ದ. ತಾರಸಿಯ ದಕ್ಷಿಣ ತುದಿಯಲ್ಲಿ ಆರಡಿ ಸ್ಟ್ಯಾಂಡಿನ ಮೇಲೆ ಅವರದೇ ಸಿಂಟೆಕ್ಸ್ ಟ್ಯಾಂಕು ಕೂತಿದೆ. ಅದರ ನೆರಳು ಎರಡು ಹಲಗೆಗಳ ಮೇಲೆ ಕೋಣ ಮಲಗಿದ ಹಾಗೆ ಮಲಗಿತ್ತು. ಎರಡು ಗಂಟೆಯವರೆಗೂ ಜಾಗ ಬಿಡಲಿಲ್ಲ.

ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲಿರುತ್ತಾನೆ. ನೆರಳು ಟ್ಯಾಂಕಿನ ಕಾಲಡಿಗೇ ಬೀಳುತ್ತದೆ. ಜನವರಿಯಲ್ಲಿ ಅವನು ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಚಾಚುತ್ತದೆ. ಅಂಗಳದಲ್ಲಿ ಹಪ್ಪಳ ಒಣಗಿಸುವ ಯಾವ ಹೆಂಗಸಿಗೂ ಇದು ಗೊತ್ತು. ಪ್ಯಾನೆಲ್ ಹಾಕಿದವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಸುಮ್ನೆ ಹಾಕಿ ಹೋಗಿದ್ದಾರೆ. ಅವರ ಫೋನು ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಹೆಸರು ಬೇಡ ಬಿಡಿ.

"ಎರಡೇ ಹಲಗೆ ಅಲ್ವಾ ಮಾವ, ಇಷ್ಟೊಂದು ಕಡಿಮೆ ಆಗುತ್ತಾ?" ಆಗುತ್ತೆ. ಆರೂ ಹಲಗೆ ಒಂದರ ಹಿಂದೆ ಒಂದು ಸರದ ಹಾಗೆ ಸೇರಿಕೊಂಡಿವೆ. ಹೋಸ್ ಪೈಪಿನ ಮೇಲೆ ಒಂದು ಕಡೆ ಕಾಲಿಟ್ಟರೆ ಇಡೀ ಪೈಪಿನ ನೀರು ಸಣ್ಣಗಾಗುತ್ತದಲ್ಲ, ಹಾಗೆ. ಹಲಗೆಯ ಹಿಂದೆ ಡಯೋಡ್ ಇಟ್ಟಿರುತ್ತಾರೆ, ನೆರಳಿನ ಭಾಗವನ್ನು ಬಿಟ್ಟು ಕರೆಂಟು ಪಕ್ಕದ ದಾರಿಯಲ್ಲಿ ದಾಟಲಿ ಅಂತ. ಅದಿಲ್ಲದಿದ್ದರೆ ಗತಿ ಇನ್ನೂ ಕೆಡುತ್ತಿತ್ತು. ಆದರೂ ದುಡಿಯುವ ಹೊತ್ತಿನ ನಡುಮಧ್ಯದ ಮೂರು ತಾಸು ಅಂದರೆ ದಿನದ ಗಳಿಕೆಯೇ ಅದು.

ತಮಾಷೆ ಏನೆಂದರೆ ಟ್ಯಾಂಕನ್ನು ಇಳಿಸುವ ಹಾಗೂ ಇಲ್ಲ. ಹೀಟರಿಗೆ ನೀರು ತಾನಾಗಿ ಹರಿಯಬೇಕಾದರೆ ಟ್ಯಾಂಕು ಅದಕ್ಕಿಂತ ಎತ್ತರದಲ್ಲೇ ಇರಬೇಕು. ಒಂದೇ ತಾರಸಿಯಲ್ಲಿ ಹಳೇ ಸೋಲಾರಿಗೂ ಹೊಸ ಸೋಲಾರಿಗೂ ಜಗಳ.

ಸಂಜೆ, ಪ್ಯಾನೆಲ್ಲಿನ ಡಿಸಿಯನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರಿನ ಪರದೆ ನೋಡಿದೆ: 8.1 ಯೂನಿಟ್.

ಊಟಕ್ಕೆ ಹಿತಕಿದ ಅವರೆಬೇಳೆ ಸಾರು, ಅಕ್ಕಿ ರೊಟ್ಟಿ. ಪಕ್ಕದ ಮನೆ ಮಾಲೀಕರೂ ಬಂದು ಕೂತರು. ಅವರದು ಮೂರು ಬಾಡಿಗೆ ಮನೆ, ತಾರಸಿ ಖಾಲಿ. "ಮೂರೂ ಮನೇದು ಗೃಹಜ್ಯೋತಿ ಸಾರ್, ಇನ್ನೂರು ಯೂನಿಟ್ ಒಳಗೇ ಇದೆ, ಬಿಲ್ಲು ಸೊನ್ನೆ. ನಾನ್ಯಾಕೆ ಲಕ್ಷಗಟ್ಟಲೆ ಹಾಕಿ ಪ್ಯಾನೆಲ್ ಇಡ್ಲಿ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಬಡವರ ಮನೆಗೆ ಬಿಟ್ಟಿ ಕರೆಂಟು ಬೇಡ ಅನ್ನುವವನು ನಾನಲ್ಲ. ಆದರೆ ಆ ಖಾಲಿ ತಾರಸಿ ನೋಡಿ ಹೊಟ್ಟೆ ಉರಿದದ್ದು ನಿಜ.

ಶುಕ್ರವಾರ

ಸಾಮಾನು ತರಲು ಎಸ್‌ಪಿ ರೋಡಿಗೆ ಹೋಗಬೇಕಿತ್ತು. ಬಸ್ ಸ್ಟಾಪಿನಲ್ಲಿ ನಿಂತರೆ ಸದ್ದೇ ಇಲ್ಲದೆ ಒಂದು ಬಸ್ಸು ಪಕ್ಕಕ್ಕೆ ಬಂದು ನಿಂತಿತು. ಬಿಎಂಟಿಸಿಯ ಕರೆಂಟ್ ಬಸ್ಸು. ಮೈಮೇಲೆ "ಅಸ್ತ್ರ" ಅಂತ ಬರೆದಿತ್ತು.

ಆ ಹೆಸರು ಓದಿ ನನಗೆ ನಗು ಬಂತು. ನನಗೆ ಗೊತ್ತಿದ್ದ ಅಸ್ತ್ರ ಬೇರೆ. ನಮ್ಮಮ್ಮನ ಅಡುಗೆಮನೆಯಲ್ಲಿದ್ದ ಅಸ್ತ್ರ ಒಲೆ! ಅದೂ ಇದೇ ಊರಲ್ಲಿ ಹುಟ್ಟಿದ್ದು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಮಾಡಬೇಕು ಅಂತ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಸ್ತ್ರ ಅನ್ನುವ ವಿಭಾಗ ಶುರು ಮಾಡಿದರು. ಆ ಒಲೆ ಅಲ್ಲಿಂದ ಬಂತು. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಚಿಮಣಿಯಲ್ಲಿ ಹೊರಗೆ, ಸೌದೆ ಕಡಿಮೆ. ಅಮ್ಮನ ಕೆಮ್ಮು ಕಡಿಮೆಯಾದದ್ದು ಅದು ಬಂದ ಮೇಲೆ. ಹಸಿರು, ಪರಿಸರ ಅಂತೆಲ್ಲ ಅವಳಿಗೆ ಗೊತ್ತಿರಲಿಲ್ಲ. ಕಣ್ಣು ಉರಿಯುವುದಿಲ್ಲ ಅನ್ನುವುದು ಗೊತ್ತಿತ್ತು.

ಬಸ್ಸಿನಲ್ಲಿ ಹೆಂಗಸರೆಲ್ಲ ಆಧಾರ್ ತೋರಿಸಿ ಸೊನ್ನೆ ಟಿಕೆಟು ತೆಗೆದುಕೊಂಡರು. ಕಂಡಕ್ಟರ್ ಹತ್ತಿರ ಮಾತಿಗೆ ಕೂತೆ. ಗಾಡಿ ಕಂಪನಿಯದು, ಬಿಎಂಟಿಸಿ ಕಿಲೋಮೀಟರಿಗೆ ಇಷ್ಟು ಅಂತ ದುಡ್ಡು ಕೊಡುತ್ತದೆ. ಡ್ರೈವರ್ ಕಂಪನಿಯವರು, ಕಂಡಕ್ಟರ್ ಸಂಸ್ಥೆಯವರು. "ಸದ್ದಿಲ್ಲ ಸಾರ್, ಅದೇ ದೊಡ್ಡ ಆರಾಮ. ಮೊದಲು ರಾತ್ರಿ ಮಲಗಿದ್ರೂ ಕಿವೀಲಿ ಎಂಜಿನ್ನು ಓಡ್ತಿತ್ತು" ಅಂದರು. ಕರೆಂಟ್ ಬಸ್ಸಿನ ಬಗ್ಗೆ ಹೊಗೆ, ಇಂಗಾಲ ಅಂತ ಎಷ್ಟೋ ಕೇಳಿದ್ದೇನೆ. ಕಂಡಕ್ಟರ ಕಿವಿಯ ಬಗ್ಗೆ ಯಾರೂ ಹೇಳಿರಲಿಲ್ಲ.

ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು ಐದು ನಿಮಿಷ ಸುಮ್ನೆ ನಿಂತೆ. ಸೇವಂತಿಗೆಯ ರಾಶಿ, ತಳ್ಳುಗಾಡಿ, ಮೇಲೆ ಫ್ಲೈಓವರ್. 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹೊತ್ತಿದ್ದು ಈ ಜಾಗದಲ್ಲಿ. ಈಗಿನ ಮಾರ್ಕೆಟ್ ಕಟ್ಟಡ ಆಮೇಲೆ ಬಂದದ್ದು. ಆ ದೀಪಕ್ಕೆ ಕರೆಂಟು ಬಂದದ್ದು ಶಿವನಸಮುದ್ರದಿಂದ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ ಅದು. 1902ರಲ್ಲಿ ಅಲ್ಲಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಮೊದಲು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಮೂರು ವರ್ಷ ಬಿಟ್ಟು ಬೆಂಗಳೂರಿಗೆ. ಅಂದರೆ ಈ ಊರಿನ ಮೊದಲ ಬಲ್ಬು ಕೂಡ ಕಲ್ಲಿದ್ದಲು ಸುಟ್ಟು ಹೊತ್ತಿದ್ದಲ್ಲ, ನೀರಿನಿಂದ. ಮತ್ತೆ ಆ ನೀರು ಈ ಊರಿನದ್ದಲ್ಲ. ಅಲ್ಲಿಂದ ಇಲ್ಲಿಯವರೆಗೆ ಕಥೆ ಹೆಚ್ಚು ಬದಲಾಗಿಲ್ಲ ಅಂತ ಮಾರನೇ ದಿನ ಗೊತ್ತಾಯ್ತು.

ಎಸ್‌ಪಿ ರೋಡು ನನಗೆ ತಿರುಪತಿ ಇದ್ದ ಹಾಗೆ. ಸಾದರ ಪತ್ರಪ್ಪ ರಸ್ತೆ ಅನ್ನುವ ಪೂರ್ತಿ ಹೆಸರು ಬೋರ್ಡಿನಲ್ಲಿ ಮಾತ್ರ. ಡಿಸಿ ವೈರು ಮೀಟರ್ ಲೆಕ್ಕದಲ್ಲಿ, ಹಲಗೆಯ ವೈರು ಜೋಡಿಸುವ ಎಂಸಿ4 ಕನೆಕ್ಟರು ಎರಡು ಜೊತೆ, ನಾಲ್ಕು ಕ್ಲಾಂಪು ತೆಗೆದುಕೊಂಡೆ. ಅಂಗಡಿಯವನ ಹಿಂದೆ ಗೋಡೆಗೆ ಒರಗಿಸಿದ್ದ ಸಣ್ಣ ಪ್ಯಾನೆಲ್ ಕಂಡು ಹಳೇ ಗೆಳೆಯ ಸಿಕ್ಕ ಹಾಗಾಯ್ತು. ನಾನು ಮೊದಲು ಕೈಯಲ್ಲಿ ಹಿಡಿದದ್ದು ಅಂಥದ್ದೇ, 35 ವ್ಯಾಟಿನದ್ದು. ನಾಲ್ಕು ದೀಪ ಉರಿಯುತ್ತಿದ್ದವು. ನಮ್ಮ ಕಡೆ ಲೈನು ಹೋಗದ ಒಂಟಿಮನೆಗಳಿಗೆ ಆ ಕಾಲದಲ್ಲಿ ಅದೇ ಬೆಳಕು. ಸೆಲ್ಕೋ ಅನ್ನುವ ಸೋಲಾರ್ ಕಂಪನಿಯವರು 1995ರಲ್ಲಿ ಶುರು ಮಾಡಿದ್ದು. ಬಡವರು ಸೋಲಾರ್ ಕೊಳ್ಳುವುದಿಲ್ಲ ಅನ್ನುತ್ತಿದ್ದವರ ಎದುರೇ ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ ಕಂತಿನಲ್ಲಿ ಹಾಕಿಸಿದರು. ಅದರ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ದೀಪ ಬಾಳಿದ್ದಕ್ಕೆ ಕಾರಣ ಪ್ಯಾನೆಲ್ ಒಂದೇ ಅಲ್ಲ. ಕೆಟ್ಟರೆ ಬೈಕಿನಲ್ಲಿ ಬಂದು ನೋಡುವವನೊಬ್ಬ ಹತ್ತಿರದಲ್ಲೇ ಇದ್ದ. ವಿಜಯನಗರದಲ್ಲಿ ಈಗ ಅವನಿಲ್ಲ. ಅದಕ್ಕೇ ನಾನು ರೈಲು ಹತ್ತಿ ಬರಬೇಕಾಯ್ತು.

ವಾಪಸ್ ಬರುವಾಗ ಕರೆಂಟ್ ಆಟೋ ಸಿಕ್ಕಿತು. ಡ್ರೈವರ್ ತುಂಬಾ ಖುಷಿಯಲ್ಲಿದ್ದ. ಗ್ಯಾಸಿಗೆ ಕ್ಯೂ ನಿಲ್ಲುವುದು ತಪ್ಪಿತಂತೆ. "ಆದ್ರೆ ಮನೇಲಿ ಚಾರ್ಜ್ ಹಾಕೋಕೆ ಓನರ್ ಬಿಡಲ್ಲ ಸಾರ್. ಅಣ್ಣನ ಮನೆಗೆ ಹೋಗಿ ಹಾಕ್ಕೊಂಡು, ಅಲ್ಲೇ ಊಟ ಮಾಡ್ಕೊಂಡು ಬರ್ತೀನಿ." ಅತ್ತಿಗೆಗೆ ಇದರಿಂದ ಏನು ಲಾಭ ಅಂತ ನಾನು ಕೇಳಲಿಲ್ಲ.

ಶನಿವಾರ

"ಪಾವಗಡಕ್ಕೆ ಹೋಗೋಣ್ವಾ?" ಅಂದದ್ದು ಅಳಿಯಂದಿರು. ಸೋಲಾರ್ ಪಾರ್ಕ್ ನೋಡಿಸುವುದು ಅವರ ಉದ್ದೇಶ. ಪಾವಗಡ ಅಂದ ಕೂಡಲೇ ಅಜ್ಜಿ ಸೀರೆ ಬದಲಾಯಿಸಿಕೊಂಡು ಬಂದು ಕಾರಲ್ಲಿ ಕೂತರು. ಶನಿವಾರ ಬೇರೆ, ಅಲ್ಲಿ ಶನಿಮಹಾತ್ಮ ಇದ್ದಾನಲ್ಲ.

ಕಾರು ಕರೆಂಟಿನದು. ಫುಲ್ ಚಾರ್ಜಿಗೆ ಮುನ್ನೂರು ಕಿಲೋಮೀಟರ್ ಅನ್ನುತ್ತಾರೆ. ಹೈವೇಯಲ್ಲಿ ಏಸಿ ಹಾಕಿ ಓಡಿಸಿದರೆ ಅಷ್ಟು ಬರುವುದಿಲ್ಲ. ನಮಗೆ ಹೋಗಿ ಬರಲು ಅದಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಕ್ಯಾತ್ಸಂದ್ರದ ಹತ್ತಿರ ಒಂದು ಚಾರ್ಜರ್ ಕಡೆ ತಿರುಗಿಸಿದೆವು. ಎರಡು ಗನ್ನಿನಲ್ಲಿ ಒಂದು ಕೆಟ್ಟಿತ್ತು. ಇನ್ನೊಂದರಲ್ಲಿ ಬೇರೆ ಕಾರು ಕುಡಿಯುತ್ತಿತ್ತು. ಮುಕ್ಕಾಲು ಗಂಟೆ ಕಾಯಬೇಕು. ಬೇರೆ ಕಡೆ ಆಗಿದ್ದರೆ ಸಿಟ್ಟು ಬರುತ್ತಿತ್ತೋ ಏನೋ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಇದೆ. ಇಡ್ಲಿ ಮೇಲೆ ಬೆಣ್ಣೆ ಕರಗುವಷ್ಟು ಹೊತ್ತಿನಲ್ಲಿ ನಮ್ಮ ಸರದಿ ಬಂತು.

ಕೊರಟಗೆರೆ, ಮಧುಗಿರಿಯ ಒಂಟಿಬಂಡೆ ಬೆಟ್ಟ, ಆಮೇಲೆ ಬಯಲು. ದೇವಸ್ಥಾನದಲ್ಲಿ ಜನವೋ ಜನ. ಎಳ್ಳೆಣ್ಣೆ ದೀಪದ ಹೊಗೆಗೆ ಕಣ್ಣು ಬಿಡುವ ಹಾಗಿಲ್ಲ. ಕ್ಯೂನಲ್ಲಿ ಪುಟ್ಟ ಕೇಳಿದ, "ಅಜ್ಜಿ, ಶನಿ ಯಾರ ಮಗ?"

"ಸೂರ್ಯದೇವನಿಗೂ ಛಾಯಾದೇವಿಗೂ ಹುಟ್ಟಿದ ಮಗ ಕಣೋ."

"ಛಾಯಾ ಅಂದ್ರೆ?"

"ನೆರಳು" ಅಂದೆ ನಾನು. ಅಂದ ಮೇಲೆ ನಮ್ಮ ತಾರಸಿ ನೆನಪಾಗಿ ನಗು ತಡೆಯಲಾಗಲಿಲ್ಲ. ಅಜ್ಜಿಗೂ ಹೊಳೆಯಿತು. "ಓಹೋ, ಹಾಗಾದ್ರೆ ನಮ್ಮ ಟ್ಯಾಂಕಿಗೂ ಒಂದು ಎಳ್ಳುಬತ್ತಿ ಹಚ್ಚಬೇಕು" ಅಂದರು. ನಿಜಕ್ಕೂ ಒಂದು ಬತ್ತಿ ಜಾಸ್ತಿ ಹಚ್ಚಿದರು. ಯಾರ ಹೆಸರಿಗೆ ಅಂತ ಕೇಳಲಿಲ್ಲ.

ಅಲ್ಲಿಂದ ಸೋಲಾರ್ ಪಾರ್ಕ್ ಇರುವ ತಿರುಮಣಿ ಕಡೆ. ಒಂದು ತಿರುವು ದಾಟಿದ ಮೇಲೆ ದೂರದಲ್ಲಿ ಕಂಡದ್ದನ್ನು ನೋಡಿ ನನ್ನ ಎದೆ ಒಂದು ಸಲ ಧಸಕ್ಕೆಂದಿತು. ಬೂದು ನೀಲಿ ಬಣ್ಣ, ನಡುವೆ ಅಲ್ಲಲ್ಲಿ ಎದ್ದು ನಿಂತ ಗುಡ್ಡ, ಅಂಚಿನಲ್ಲಿ ಒಂದೆರಡು ಒಂಟಿ ಮರ. ಥೇಟ್ ನಮ್ಮ ಹಿನ್ನೀರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ತಂದೆಯ ಮನೆ ಇದ್ದದ್ದು ಶರಾವತಿ ಕಣಿವೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮನೆ, ಗದ್ದೆ, ಬಾಗಾಯ್ತು ಎಲ್ಲ ನೀರಿನಡಿಗೆ ಹೋಯ್ತು. ಮರುವರ್ಷ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಬಂದು ಶರಾವತಿ ವಿದ್ಯುದಾಗಾರವನ್ನು ನಾಡಿಗೆ ಒಪ್ಪಿಸಿದರು. ಈಗ ಅಲ್ಲಿ 103.5 ಮೆಗಾವ್ಯಾಟಿನ ಹತ್ತು ಯಂತ್ರ, ಒಟ್ಟು 1,035. ಆ ಕರೆಂಟು ತಂತಿ ಹಿಡಿದು ಬೆಂಗಳೂರಿಗೆ ಬಂತು. ಮುಳುಗಿದವರು ಗುಡ್ಡ ಹತ್ತಿ ಚಿಮಣಿ ಎಣ್ಣೆ ದೀಪದಲ್ಲಿ ಎಷ್ಟೋ ವರ್ಷ ಕಳೆದರು. ಹಿನ್ನೀರಿನ ಆಚೆಗೆ ಹೋಗಲು ಸಿಗಂದೂರು ಸೇತುವೆ ಆದದ್ದೇ 2025ರ ಜುಲೈನಲ್ಲಿ. ಅಪ್ಪ ಇದ್ದಷ್ಟು ದಿನ ಲಾಂಚಿನಲ್ಲಿ ಹೋಗುವಾಗ ನೀರಿನ ಒಂದು ಜಾಗಕ್ಕೆ ಬೆರಳು ತೋರಿಸುತ್ತಿದ್ದರು. "ಅಲ್ಲಿ ನಮ್ಮ ಹಿತ್ತಲು." ಪ್ರತಿ ಸಲವೂ ಬೇರೆ ಬೇರೆ ಜಾಗ ತೋರಿಸುತ್ತಿದ್ದರು ಅನ್ನುವುದು ನನಗೆ ದೊಡ್ಡವನಾದ ಮೇಲೆ ಗೊತ್ತಾಯ್ತು.

ಅದಕ್ಕೇ ಎದೆ ಧಸಕ್ಕೆಂದದ್ದು. ಹತ್ತಿರ ಹೋದರೆ ನೀರಲ್ಲ, ಗಾಜು. ಹದಿಮೂರು ಸಾವಿರ ಎಕರೆ, 2,050 ಮೆಗಾವ್ಯಾಟ್. ಐದು ಹಳ್ಳಿಗಳ ಜಮೀನು. 2018ರಲ್ಲಿ ಶುರುವಾಗಿ ಮುಂದಿನ ವರ್ಷದ ಕೊನೆಗೆ ಪೂರ್ತಿಯಾಯ್ತು. ಬೇಲಿಯ ಹೊರಗೆ ನಿಂತು ನೋಡಬೇಕಷ್ಟೇ, ಒಳಗೆ ಬಿಡುವುದಿಲ್ಲ. ಹಲಗೆಗಳ ಸಾಲು ಕಣ್ಣು ಹರಿಯುವವರೆಗೂ ಹೋಗುತ್ತದೆ. ಸದ್ದಿಲ್ಲ. ಶರಾವತಿಯ ಪವರ್ ಹೌಸಿನಲ್ಲಿ ನಿಂತರೆ ನೆಲ ನಡುಗುತ್ತದೆ. ಇಲ್ಲಿ ಅದಕ್ಕೆ ಎರಡರಷ್ಟು ಕರೆಂಟು ಹುಟ್ಟುತ್ತಿದೆ, ಕೇಳಿಸುತ್ತಿದ್ದದ್ದು ಕುರಿಗಳ ಕೊರಳಿನ ಗಂಟೆ.

ಕುರಿಗಳ ಹಿಂದೆ ವಯಸ್ಸಾದ ಒಬ್ಬರು ಬಂದರು. ಅವರ ಎಂಟು ಎಕರೆ ಈ ಬೇಲಿಯ ಒಳಗಿದೆ. "ಮಾರಿದ್ರಾ?" ಅಂದೆ.

"ಮಾರ್ಲಿಲ್ಲ ಸ್ವಾಮಿ. ಬಾಡಿಗೆಗೆ ಕೊಟ್ಟಿದೀನಿ. ಪಾಣಿ ನಂದೇ."

ಇಲ್ಲಿ ಜಮೀನು ಕೊಂಡಿಲ್ಲ, ಗುತ್ತಿಗೆಗೆ ತೆಗೆದುಕೊಂಡಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಜಾಸ್ತಿ. ಬರಗಾಲದ ಊರು, ಮಳೆ ನಂಬಿ ಕಡಲೆಕಾಯಿ ಹಾಕುತ್ತಿದ್ದವರು. "ಮಳೆ ಬಂದ್ರೂ ದುಡ್ಡು, ಬರದಿದ್ರೂ ದುಡ್ಡು" ಅಂದರು. ನಾನು ಇನ್ನೇನು ಒಳ್ಳೇದಾಯ್ತು ಅನ್ನಬೇಕು, ಅಷ್ಟರಲ್ಲಿ ಅವರೇ ಮುಂದುವರಿಸಿದರು. "ನನಗೆ ಸರಿ. ನನ್ನ ಹೊಲಕ್ಕೆ ಕೂಲಿಗೆ ಬರ್ತಿದ್ದೋರಿಗೆ ಏನು? ಅವರಿಗೆ ಪಾಣಿ ಇಲ್ಲ, ಬಾಡಿಗೆ ಇಲ್ಲ. ಕುರಿ ಮೇಯ್ಸೋಕೂ ಜಾಗ ಇಲ್ಲ. ಬೇಲಿ ಸುತ್ತ ಸುತ್ತತೀವಿ, ನೋಡಿ."

ಅವರು ಕುರಿ ಅಟ್ಟಿಕೊಂಡು ಹೋದ ಮೇಲೂ ಆ ಮಾತು ತಲೆಯಲ್ಲಿ ಕೂತಿತ್ತು. ಮುಳುಗಿಸಿಲ್ಲ, ಬಾಡಿಗೆಗೆ ತೆಗೆದುಕೊಂಡಿದ್ದಾರೆ. ಅರವತ್ತು ವರ್ಷದಲ್ಲಿ ನಾವು ಕಲಿತದ್ದು ಅಷ್ಟು. ಸಣ್ಣದಲ್ಲ ಅದು. ನಮ್ಮಪ್ಪನಿಗೆ ಹಿತ್ತಲು ಎಲ್ಲಿತ್ತು ಅಂತ ತೋರಿಸಲು ಆಗಲಿಲ್ಲ, ಈ ಹಿರಿಯರಿಗೆ ತಮ್ಮ ಸಾಲು ಯಾವುದು ಅಂತ ಗೊತ್ತು. ಆದರೆ ಪಾಣಿ ಇಲ್ಲದವನು ಅವತ್ತೂ ಲೆಕ್ಕದಲ್ಲಿರಲಿಲ್ಲ, ಇವತ್ತೂ ಇಲ್ಲ.

ವಾಪಸ್ ಬರುವಾಗ ಮಧುಗಿರಿ ಹತ್ತಿರ ಹೊತ್ತು ಮುಳುಗಿತು. ಪುಟ್ಟನಿಗೆ ಹೇಳಿದೆ, "ನೋಡು, ಈಗ ಆ ಎರಡು ಸಾವಿರ ಮೆಗಾವ್ಯಾಟೂ ಸೊನ್ನೆ."

"ಅಯ್ಯೋ! ಈಗ ತಾನೇ ಎಲ್ಲರೂ ಲೈಟ್ ಹಾಕೋದು?"

ಅಲ್ವಾ? ಸಮಸ್ಯೆ ಇರುವುದೇ ಅಲ್ಲಿ. ಹಗಲು ಕರೆಂಟು ಚೆಲ್ಲುವಷ್ಟಿದೆ. ಪಂಪ್‌ಸೆಟ್ಟಿಗೆ ಹಗಲೇ ಕೊಡುವುದು ಹೆಚ್ಚಾಗಿದೆ. ರಾತ್ರಿ ಟಾರ್ಚು ಹಿಡಿದು ಹಾವಿನ ಜೊತೆ ಗದ್ದೆಗೆ ಹೋಗುತ್ತಿದ್ದ ರೈತರಿಗೆ ಇದು ನಿಜವಾದ ವರ. ಆದರೆ ಸಂಜೆ ಆರೂವರೆಗೆ ಬೆಂಗಳೂರು ದೀಪ, ಟಿವಿ, ಲಿಫ್ಟು, ಮಿಕ್ಸಿ ಎಲ್ಲ ಒಟ್ಟಿಗೆ ಹಾಕಿದಾಗ ಯಾರು ಕೊಡಬೇಕು? ರಾಯಚೂರಿನ ಕಲ್ಲಿದ್ದಲು ಮತ್ತು ಗೇಟು ತೆಗೆದ ಕೂಡಲೇ ತಿರುಗುವ ನಮ್ಮ ಶರಾವತಿ. ಹಗಲಿಗೆ ಪಾವಗಡ, ಸಂಜೆಗೆ ಲಿಂಗನಮಕ್ಕಿ.

ಈಗ ಅದೂ ಸಾಲದು ಅಂತ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಮಾಡಲು ಹೊರಟಿದ್ದಾರೆ. ಹಗಲು ಮಿಕ್ಕ ಕರೆಂಟಿನಲ್ಲಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಅದನ್ನೇ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎಂಜಿನಿಯರಿಂಗ್ ಲೆಕ್ಕದಲ್ಲಿ ಚೆಂದವೇ, ನೀರೇ ಬ್ಯಾಟರಿ. ಆದರೆ ಅದು ಬರುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ನಮ್ಮ ಕಡೆ ಜನ ಬೀದಿಗೆ ಇಳಿದಿದ್ದಾರೆ. ನಾನೂ ಒಂದು ದಿನ ಅಂಗಡಿ ಮುಚ್ಚಿ ಹೋಗಿದ್ದೆ. ಕರೆಂಟಿನ ಅಂಗಡಿಯವನು ಕರೆಂಟಿನ ವಿರುದ್ಧ ನಿಂತ ಅಂತ ಗೆಳೆಯರು ಆಡಿಕೊಂಡರು. ಕರೆಂಟಿನ ವಿರುದ್ಧ ಅಲ್ಲ ಮಾರಾಯ್ರೇ. ಒಂದೇ ಕಣಿವೆಯನ್ನು ಎಷ್ಟು ಸಲ ಕೇಳುತ್ತೀರಿ ಅಂತ.

ಮನೆಗೆ ಬಂದಾಗ ರಾತ್ರಿ ಹತ್ತು. ಅಳಿಯಂದಿರು ಕಾರಿಗೆ ಚಾರ್ಜರ್ ಸಿಕ್ಕಿಸಿದರು. ಪಾವಗಡ ನೋಡಿ ಬಂದ ಕಾರು ರಾತ್ರಿ ರಾಯಚೂರಿನ ಕಲ್ಲಿದ್ದಲು ಕುಡಿಯಲು ಶುರು ಮಾಡಿತು. ಹೇಳಿದೆ. ಅವರಿಗೆ ಸ್ವಲ್ಪ ಬೇಜಾರಾಯ್ತು. ಹಾಗಂತ ಪೆಟ್ರೋಲ್ ಕಾರಿಗಿಂತ ಇದೇ ವಾಸಿ. ಪೆಟ್ರೋಲ್ ಎಂಜಿನ್ನು ಕುಡಿದದ್ದರಲ್ಲಿ ಬಹುಪಾಲು ಬರೀ ಬಿಸಿ ಮಾಡಿ ಬಿಸಾಕುತ್ತದೆ, ಮೋಟಾರು ಹಾಗಲ್ಲ. "ಭಾನುವಾರ ಮಧ್ಯಾಹ್ನ ಹಾಕಿ, ಆಗ ನಿಮ್ಮದೇ ತಾರಸಿದು ಹೋಗುತ್ತೆ" ಅಂದೆ.

ಭಾನುವಾರ

ಐದೂವರೆಗೆ ಎದ್ದೆ. ಸೂರ್ಯ ಹುಟ್ಟುವ ಮೊದಲೇ ಬಿಚ್ಚುವ ಕೆಲಸ ಮುಗಿಯಬೇಕು. ಪ್ಯಾನೆಲ್ಲಿಗೆ ಸ್ವಿಚ್ಚು ಇಲ್ಲ, ಬೆಳಕು ಬಿದ್ದರೆ ಕರೆಂಟು. ಆರು ಹಲಗೆ ಸೇರಿದರೆ ಹತ್ತಿರ ಹತ್ತಿರ 300 ವೋಲ್ಟ್ ಡಿಸಿ. ಅದು ಹಿಡಿದರೆ ಬಿಡುವ ಜಾತಿ ಅಲ್ಲ. ಹಲಗೆಗಳಿಂದ ಇನ್ವರ್ಟರಿಗೆ ಹೋಗುವ ದಾರಿ ಕಡಿಯುವ ಐಸೊಲೇಟರ್ ಆಫ್ ಮಾಡಿ, ಮೀಟರ್ ಇಟ್ಟು ನೋಡಿ, ಆಮೇಲೆ ಕನೆಕ್ಟರ್ ಬಿಚ್ಚಿದೆ.

ಹಿಂದಿನ ರಸ್ತೆಯ ವೆಲ್ಡಿಂಗ್ ಶಾಪಿನ ಹುಡುಗ ಶುಕ್ರವಾರವೇ ಅಳತೆ ತೆಗೆದುಕೊಂಡು ಹೋಗಿದ್ದ. ನೆರಳು ಬೀಳುವ ಆ ಎರಡು ಹಲಗೆಗಳನ್ನು ಮೆಟ್ಟಿಲು ಕೋಣೆಯ ಮೇಲೆ ಕೂರಿಸಲು ಆಂಗಲ್ ಫ್ರೇಮ್ ಮಾಡಿ ತಂದಿದ್ದ. ಅಲ್ಲಿಗೆ ಟ್ಯಾಂಕಿನ ನೆರಳು ಮುಟ್ಟುವುದಿಲ್ಲ. ಒಂದೊಂದು ಹಲಗೆ ಇಪ್ಪತ್ತೆಂಟು ಕೆಜಿ. ಭಾರ ಏನಲ್ಲ, ಅಗಲ ಕಷ್ಟ. ಗಾಳಿ ಬಂದರೆ ಗಾಳಿಪಟ. ನಾನು ಕೆಳಗೆ, ಅವನು ಮೇಲೆ. "ಅಂಕಲ್ ಬಿಡಿ, ಅಂಕಲ್ ಬಿಡಿ" ಅನ್ನುತ್ತಾನೆ, ನನಗೆ ಬಿಡಲು ಧೈರ್ಯ ಇಲ್ಲ. ಎರಡನೇ ಹಲಗೆ ಏರಿಸುವಾಗ ಅಂಚು ಗೋಡೆಗೆ ತಾಗಿ ಟಣ್ ಅಂದಿತು. ಮೂರು ಸೆಕೆಂಡು ಇಬ್ಬರೂ ಉಸಿರಾಡಲಿಲ್ಲ. ಗಾಜಿಗೆ ಏನೂ ಆಗಿರಲಿಲ್ಲ, ಅಲ್ಯುಮಿನಿಯಂ ಅಂಚಿನಲ್ಲಿ ಒಂದು ಗೀರು. ಮೊದಲ ಬಿಸಿಲು ಪಕ್ಕದ ಕಟ್ಟಡದ ಸೆಂಟ್ರಿಂಗ್ ಕಡ್ಡಿಗಳ ಮಧ್ಯೆ ಬರುವಾಗ ಕೊನೇ ಕ್ಲಾಂಪು ಬಿಗಿದೆ.

ಆಮೇಲೆ ತೊಳೆಯುವುದು. ಕಾವೇರಿ ನೀರು ಎರಡು ಬಕೆಟ್, ನನ್ನದೇ ಒಂದು ಹಳೇ ಪಂಚೆ. ಸೋಪು ಬೇಡ, ಬ್ರಷ್ಷು ಬೇಡ. ಮೇಲಿಂದ ಕೆಳಗೆ ಒದ್ದೆ ಬಟ್ಟೆ, ಹಿಂದೆಯೇ ಒಣ ಬಟ್ಟೆ. ತೊಳೆಯುವುದಾದರೆ ಈ ಹೊತ್ತಿನಲ್ಲೇ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹೊಯ್ದರೆ ಬಿರುಕು ಬಿಡಬಹುದು. ನಮ್ಮ ಹುಡುಗಿ ಪಕ್ಕದಲ್ಲಿ ನಿಂತು ಕಲಿತುಕೊಂಡಳು. ಪಂಚೆ ಹಿಂಡಿದಾಗ ಇಳಿದ ನೀರು ಥೇಟ್ ಸಿಮೆಂಟು ಗಂಜಿ.

ಹನ್ನೊಂದು ಗಂಟೆಗೆ ಎಲ್ಲರೂ ಇನ್ವರ್ಟರ್ ಮುಂದೆ ನೆರೆದರು, ಹಳೇ ಕಾಲದಲ್ಲಿ ರೇಡಿಯೋ ಮುಂದೆ ಕ್ರಿಕೆಟ್ಟಿಗೆ ಕೂತ ಹಾಗೆ. ಹೋದ ವಾರ ಈ ಹೊತ್ತಿಗೆ ಒಂದೂಕಾಲು ಕಿಲೋವ್ಯಾಟ್ ತೋರಿಸುತ್ತಿತ್ತು. ಈಗ 2.4. ಪುಟ್ಟ ಕುಣಿದ. ಅಳಿಯಂದಿರು ಕೆಳಗೆ ಓಡಿಹೋಗಿ ಕಾರಿಗೆ ಚಾರ್ಜರ್ ಹಾಕಿದರು. ಅಜ್ಜಿ ಮಾತ್ರ ಪರದೆ ನೋಡಲಿಲ್ಲ, ನನ್ನ ಕಡೆ ತಿರುಗಿದರು. "ಅಲ್ಲ, ಸಂಜೆ ನಾವು ಸ್ವಿಚ್ಚು ಹಾಕಿದ್ರೆ ನಿಮ್ಮೂರ ನೀರು ಖರ್ಚಾಗುತ್ತೆ ಅಂದ್ರಲ್ಲ, ಗ್ರೈಂಡರ್ ಹಾಕಿದ್ರೂ ಹಾಗೇನಾ?"

"ಹಾಗೇ ಅಮ್ಮ. ಮೀಟರು ಹಗಲಿದ್ದು ರಾತ್ರಿದು ಕೂಡಿ ಕಳೆದು ಬಿಲ್ಲು ಸರಿ ಮಾಡುತ್ತೆ, ನಿಮಗೆ ನಷ್ಟ ಇಲ್ಲ. ಆದ್ರೆ ಕರೆಂಟು ಮಾತ್ರ ಆ ಹೊತ್ತಿಗೆ ಎಲ್ಲಿಂದಲೋ ಬರಬೇಕು."

"ಹೂಂ" ಅಂದು ಅವರೆಕಾಯಿ ಸುಲಿಯಲು ಹೋದರು.

ರಾತ್ರಿ ರೈಲಿಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಟ್ಟರು. ಆಟೋದವನು ಮೀಟರ್ ಮೇಲೆ ಮೂವತ್ತು ಕೇಳಿದ. ಎಲ್ಲವೂ ಬದಲಾಗಿಲ್ಲ.

ಮಂಗಳವಾರ, ಸಾಗರ

ಅಂಗಡಿಯಲ್ಲಿ ಆರು ಮೋಟಾರು ಕಾಯುತ್ತಿದ್ದವು. ಮೂರನೆಯದರ ಸುಟ್ಟ ತಂತಿ ಕೀಳುತ್ತಿದ್ದಾಗ ಫೋನು ಬಂತು.

"ಮಾವ, ನಿನ್ನೆ 12.4 ಯೂನಿಟ್! ಇನ್ನೊಂದು ವಿಷಯ ಕೇಳಿ. ಅತ್ತೆ ನಿನ್ನೆ ಸಂಜೆ ಗ್ರೈಂಡರ್ ಮುಟ್ಟಲೇ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೇ ದೋಸೆಗೆ ರುಬ್ಬಿ ಇಟ್ಟಿದ್ದಾರೆ. ಬಿಸಿಲಿರುವಾಗಲೇ ಆಗ್ಲಿ ಅಂತ."

"ಒಳ್ಳೇದಾಯ್ತಲ್ಲ!"

"ಏನು ಒಳ್ಳೇದು ಮಾವ. ಬೆಳಗ್ಗೆ ಹೊತ್ತಿಗೆ ಹಿಟ್ಟು ಹುಳಿ ಬಂದು ಪಾತ್ರೆಯಿಂದ ಹೊರಗೆ ಉಕ್ಕಿತ್ತು. ಇವರು ಎರಡು ತಿಂದು ಎದ್ದರು. ಮಿಕ್ಕಿದ್ದಕ್ಕೆ ಈರುಳ್ಳಿ, ಹಸಿಮೆಣಸು ಹಾಕಿ ಪಡ್ಡು ಮಾಡ್ತಾ ಇದೀನಿ."